ಏಟು ಬಿದ್ದ ಮಗು ಮೇಲೆ ನೋಡುತ್ತದಾ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಕಣ್ಣುಗೂಡಿನ ಮೂಳೆ ಮುರಿಯುವ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಅದರಲ್ಲಿ ನನಗೆ ಮುಖ್ಯವಾದದ್ದು ಒಂದೇ. ಕಣ್ಣಿಗೆ ಏಟು ಬಿದ್ದ ಮಗುವಿನ ಗದ್ದ ಹಿಡಿದುಕೊಂಡು, ಮೇಲೆ ನೋಡು ಅನ್ನಿ. ಅಷ್ಟೇ.

ಮದ್ದೂರು ಕಡೆಯ ಒಬ್ಬ ಹುಡುಗ, ಒಂಬತ್ತು ವರ್ಷ. ಕಬಡ್ಡಿ ಆಡುವಾಗ ಗೆಳೆಯನ ಮೊಣಕೈ ಕಣ್ಣಿಗೆ ಬಡಿಯಿತು. ಊತ ಇಲ್ಲ, ರಕ್ತ ಇಲ್ಲ, ಕಣ್ಣು ಬೆಳ್ಳಗೇ ಇದೆ. ಆದರೆ ಮನೆಗೆ ಬಂದವನು ಒಂದೇ ಸಮನೆ ವಾಂತಿ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ರಾತ್ರಿ ಒಂದು ಆಸ್ಪತ್ರೆಗೆ ಹೋದರೆ, ತಲೆಗೆ ಪೆಟ್ಟಾಗಿರಬೇಕು ಅಂತ ಮೆದುಳಿನ ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ ಅಂತ ಮಾತ್ರೆ ಕೊಟ್ಟು ಕಳಿಸಿದರು. ಬೆಳಿಗ್ಗೆ ನಮ್ಮಲ್ಲಿಗೆ ಬಂದಾಗ ಅಮ್ಮನ ಸೆರಗು ಹಿಡಿದು, ಗದ್ದ ಎತ್ತಿಕೊಂಡೇ ಕೂತಿದ್ದ. ನಾಡಿ ನಿಧಾನ. ತಲೆ ಅಲ್ಲಾಡದ ಹಾಗೆ ಹಿಡಿದು, ಫ್ಯಾನ್ ನೋಡಪ್ಪ ಅಂದೆ. ಬಲಗಣ್ಣು ಮೇಲೆ ಹೋಯಿತು, ಎಡಗಣ್ಣು ಅರ್ಧಕ್ಕೇ ನಿಂತಿತು. "ಎರಡು ಫ್ಯಾನ್ ಕಾಣ್ತಿದೆ ಮೇಡಂ" ಅಂದವನು ಅಲ್ಲೇ ವಾಂತಿ ಮಾಡಿಕೊಂಡ.

ಆಗಿದ್ದು ಇಷ್ಟು. ದೊಡ್ಡವರ ಮೂಳೆ ಒಣ ಕಡ್ಡಿ, ಮಕ್ಕಳದು ಹಸಿ ಕಡ್ಡಿ. ಕಣ್ಣಿನ ಕೆಳಗಿನ ತೆಳು ಮೂಳೆ ಏಟಿಗೆ ಬಾಗಿಲ ಹಾಗೆ ತೆರೆದು ಪಟ್ಟನೆ ಮುಚ್ಚಿಕೊಳ್ಳುತ್ತದೆ, ಕಣ್ಣು ಆಡಿಸುವ ಸ್ನಾಯು ಆ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಬಾಗಿಲಿಗೆ ಬೆರಳು ಸಿಕ್ಕಿದ ಹಾಗೆ. ಅದು ಎಳೆದಾಗಲೆಲ್ಲ ಹೊಟ್ಟೆ ತೊಳಸುತ್ತದೆ, ಎದೆಬಡಿತ ಇಳಿಯುತ್ತದೆ, ಕೆಲವು ಮಕ್ಕಳು ತಲೆಸುತ್ತಿ ಬೀಳುತ್ತಾರೆ. ನೋಡಿದವರಿಗೆ ತಲೆಗೆ ಪೆಟ್ಟಾದ ಹಾಗೇ ಕಾಣುತ್ತದೆ. ಕಣ್ಣು ಬೆಳ್ಳಗೇ ಇರುವ ಈ ಮುರಿತದ ಬಗ್ಗೆ ವೈದ್ಯರು 1998ರಲ್ಲೇ ಬರೆದಿದ್ದಾರೆ, ಆದರೂ ಇವತ್ತಿಗೂ ಕೈತಪ್ಪಿ ಹೋಗುತ್ತಿದೆ, ನನಗೆ ಅದೇ ಸಂಕಟ. ಕಣ್ಣು ಕೆಂಪಾಗಿಲ್ಲ ಅಂತ ಸಮಾಧಾನ ಪಡಬೇಡಿ, ಮೇಲೆ ನೋಡುತ್ತದಾ ನೋಡಿ!

ಸಿಕ್ಕಿಕೊಂಡ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ಕಣ್ಣುಗೂಡಿನ ಸಿಟಿ ಸ್ಕ್ಯಾನ್ ಮಾಡಿಸಿ, ಒಂದೆರಡು ದಿನದೊಳಗೆ, ವಾಂತಿ ನಾಡಿ ತೊಂದರೆ ಇದ್ದರೆ ಅವತ್ತೇ, ಆಪರೇಷನ್ ಮಾಡಿ ಬಿಡಿಸಬೇಕು. ತಡವಾದರೆ ಸ್ನಾಯು ಗಟ್ಟಿಯಾಗಿ ಎರಡೆರಡು ಕಾಣುವುದು ಹಾಗೇ ಉಳಿದುಬಿಡಬಹುದು. ಆ ಹುಡುಗನಿಗೆ ಸಂಜೆಯೇ ಮಾಡಿದೆವು. ಕೆಲವು ವಾರದಲ್ಲಿ ಫ್ಯಾನ್ ಒಂದೇ ಆಯಿತು.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಕಣ್ಣುಗುಡ್ಡೆ ಒತ್ತಬೇಡಿ. ಜೋರಾಗಿ ಸಿಂಬಳ ತೆಗೆಸಬೇಡಿ, ಮೂಗಿನ ಗಾಳಿ ಕಣ್ಣುಗೂಡಿಗೆ ನುಗ್ಗುತ್ತದೆ. ಆಸ್ಪತ್ರೆಗೆ ಬರುವ ದಾರಿಯಲ್ಲಿ ಪಾಪ ಅಂತ ಇಡ್ಲಿ ತಿನ್ನಿಸಬೇಡಿ, ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡಲು ಕಾಯಬೇಕಾಗುತ್ತದೆ. ಮನೆಯಲ್ಲಿ ಫ್ಯಾನ್ ಇಲ್ಲದಿದ್ದರೆ ನಿಮ್ಮ ಬೆರಳೇ ಸಾಕು, ಹಣೆಯ ಮೇಲಕ್ಕೆ ಎತ್ತಿ ತೋರಿಸಿ. ನಮಸ್ಕಾರ.