ಲೂಟಿ ಎಂಬ ಪದ

ಕೇಳುಗರಿಗೆ ನಮಸ್ಕಾರ.

ಯುದ್ಧ ಗೆದ್ದ ಸೈನಿಕರು ಸೋತವರ ಊರಿಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನೆಲ್ಲ ದೋಚುತ್ತಾರೆ. ಇದಕ್ಕೆ ನಾವು ಲೂಟಿ ಅನ್ನುತ್ತೇವೆ. ಸಂಸ್ಕೃತದಲ್ಲಿ ‘ಲುಂಠ್’ ಅಂದರೆ ದೋಚು. ಅದೇ ಬೇರಿನಿಂದ ಹಿಂದಿಯ ‘ಲೂಟ್’ ಬಂತು. 18ನೇ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲಿಷಿಗೂ ಹೋಯಿತು. ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು ಇಲ್ಲಿನ ಸೊತ್ತಿನ ಜೊತೆಗೆ ಇಲ್ಲಿನ ಪದವನ್ನೂ ಹೊತ್ತುಕೊಂಡು ಹೋದರು.

ಕನ್ನಡಕ್ಕೆ ಇದಕ್ಕಿಂತ ಹಳೆಯ ಪದಗಳಿವೆ. ತುರುಗೋಳ್ ಅಂದರೆ ದನಗಳನ್ನು ಕಸಿದು ಹೊಡೆದುಕೊಂಡು ಹೋಗುವುದು. ಹಾಗೆ ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳು ನಮ್ಮ ಎಷ್ಟೋ ಹಳ್ಳಿಗಳಲ್ಲಿವೆ. ಕೊಳ್ಳೆ ಅನ್ನುವುದೂ ‘ಕೊಳ್’, ಅಂದರೆ ತೆಗೆದುಕೊಳ್ಳು, ಅನ್ನುವ ಮಾತಿನಿಂದಲೇ ಹುಟ್ಟಿದ್ದು. ಸೂರೆಯ ಕಥೆ ಬೇರೆ. ಅದು ಈಗ ಎಷ್ಟು ಮೆತ್ತಗಾಗಿದೆ ಅಂದರೆ, ಒಳ್ಳೆಯ ಹಾಡು ಕೇಳಿದರೆ ‘ಮನ ಸೂರೆಗೊಂಡಿತು’ ಅನ್ನುತ್ತೇವೆ, ಅಲ್ವಾ?

ಲೂಟಿ ಮಾತ್ರ ಮೆತ್ತಗಾಗಲಿಲ್ಲ. ಶ್ರೀರಂಗಪಟ್ಟಣವನ್ನೇ ನೋಡಿ. 1799ರ ಮೇ 4ರಂದು ಕೋಟೆ ಬ್ರಿಟಿಷರ ಕೈಗೆ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಆ ರಾತ್ರಿಯಿಡೀ ಸೈನಿಕರು ಮನೆಮನೆ ದೋಚಿದರು. ಮರುದಿನ ಅಧಿಕಾರ ವಹಿಸಿಕೊಂಡ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಿದ.

ಆಮೇಲೆ ಅರಮನೆಯ ಖಜಾನೆಯನ್ನು ಲೆಕ್ಕ ಹಾಕಿ ಹಂಚಲು ಅಧಿಕಾರಿಗಳ ಸಮಿತಿ ಕೂತಿತು. ಚಿನ್ನದ ಸಿಂಹಾಸನವನ್ನು ಒಡೆದು ಚೂರು ಮಾಡಿದರು. ಪದವಿಗೆ ತಕ್ಕಂತೆ ಪಾಲು. ಸೇನಾಪತಿ ಹ್ಯಾರಿಸ್‌ಗೆ ಎಲ್ಲರಿಗಿಂತ ಜಾಸ್ತಿ, ನಮ್ಮ ದೇಶದ ಸಿಪಾಯಿಗಳಿಗೆ ತೀರಾ ಕಡಿಮೆ. ಇದನ್ನು ಅವರು ಲೂಟಿ ಅನ್ನಲಿಲ್ಲ, ‘ಪ್ರೈಜ್’ ಅಂದರು. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಬಹುಮಾನ ಅಲ್ಲ ಅದು. ಯುದ್ಧದ ಈ ‘ಪ್ರೈಜ್’ ಬಂದದ್ದು ಫ್ರೆಂಚಿನಿಂದ. ಅಲ್ಲಿ ಅದರ ಅರ್ಥ ಹಿಡಿದುಕೊಂಡದ್ದು, ವಶಪಡಿಸಿಕೊಂಡದ್ದು. ನಮ್ಮ ಕೊಳ್ಳೆಯ ಅರ್ಥವೂ ಅದೇ ತಾನೆ?

ರಾತ್ರಿ ಬಡ ಸೈನಿಕ ದೋಚಿದರೆ ಗಲ್ಲು. ಹಗಲಲ್ಲಿ ಪಟ್ಟಿ ಬರೆದು ದೋಚಿದರೆ ಕಾನೂನು. ಇದನ್ನು ನನಗೆ ಒಪ್ಪಲು ಆಗುವುದಿಲ್ಲ. ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದು ಅಲ್ಲಿಗೆ ಹೋದದ್ದು ಹೇಗೆ ಎಂದು ಮಕ್ಕಳು ಕೇಳಿದರೆ, ಲೂಟಿ ಅನ್ನುವ ಪದವನ್ನೇ ಹೇಳಿ.

ನಮಸ್ಕಾರ.