ದಂಟು ನಿಲ್ಲುವ ಬಗೆ

ನಮಸ್ಕಾರ. ಮೂರು ದಿನಕ್ಕೆ ಬಾಡಿಹೋಗುವ ಪುಷ್ಪವಿನ್ಯಾಸ ಕಲೆಯಾಗುವುದು ಹೇಗೆ ಎಂದು ಕೇಳುವವರಿದ್ದಾರೆ. ಹಾಡಿ ಮುಗಿಸಿದ ರಾಗವೂ ಗಾಳಿಯಲ್ಲಿ ಉಳಿಯುವುದಿಲ್ಲ ಎಂಬುದೇ ಅವರಿಗೆ ನನ್ನ ಉತ್ತರ. ಆದರೆ ಇಂದಿನ ನನ್ನ ಮಾತು ಇದನ್ನು ಕಲೆಯೆಂದೇ ನಂಬಿರುವ ನಮ್ಮ ಹೂಬಳಗಗಳಿಗೆ: ಹಸಿರು ಫೋಮಿನ ಇಟ್ಟಿಗೆಯನ್ನು ದಯವಿಟ್ಟು ಕೈಬಿಡೋಣ.

1950ರ ದಶಕದಲ್ಲಿ ಬಂದ ಈ ಫೋಮ್ ನೀರು ಹೀರಿಕೊಂಡು, ದಂಟನ್ನು ಚುಚ್ಚಿದ ಜಾಗದಲ್ಲೇ ಹಿಡಿದು ನಿಲ್ಲಿಸುತ್ತದೆ. ಅದು ಪ್ಲಾಸ್ಟಿಕ್, ಪುಡಿಯಾದಾಗ ಸೂಕ್ಷ್ಮ ಕಣಗಳಾಗಿ ನೀರನ್ನು ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಕೈಬಿಡಲು ಇಷ್ಟು ಕಾರಣವೇ ಸಾಕು, ಆದರೂ ನನ್ನ ಆಕ್ಷೇಪ ಇನ್ನೂ ಒಳಗಿನದು. ದಂಟು ಹೇಗೆ ನಿಲ್ಲಬೇಕೆಂಬ ಪ್ರಶ್ನೆಯನ್ನೇ ಫೋಮ್ ಅಳಿಸಿಹಾಕುತ್ತದೆ, ಮತ್ತು ಈ ಕಲೆಯ ಬಹುಪಾಲು ಇರುವುದು ಆ ಪ್ರಶ್ನೆಯಲ್ಲಿ.

ಜಪಾನಿನ ಪುಷ್ಪವಿನ್ಯಾಸ ಕಲೆಯಾದ ಇಕೆಬಾನಾದಲ್ಲಿ ಬಳಸುವ ಕೆಂಜಾನನ್ನು ನೋಡಿ: ಭಾರವಾದ ಲೋಹದ ಬಿಲ್ಲೆ, ಅದರ ಮೇಲೆ ಒತ್ತೊತ್ತಾಗಿ ನಿಂತ ಮುಳ್ಳುಗಳು. ಗಟ್ಟಿ ಕೊಂಬೆಯ ಬುಡವನ್ನು ಓರೆಯಾಗಿ ಕತ್ತರಿಸಿ, ಮೊದಲು ನೆಟ್ಟಗೆ ಒತ್ತಿ, ಆಮೇಲೆ ಬೇಕಾದ ಕಡೆಗೆ ಮೆಲ್ಲನೆ ಬಾಗಿಸಬೇಕು. ಹಾಗೆ ಬಾಗಿಸುವಾಗ ಕೊಂಬೆಯ ಭಾರ ಬೆರಳಿಗೆ ತಿಳಿಯುತ್ತದೆ; ಬೆಳಕಿನತ್ತ ಹೊರಳಿ ಬೆಳೆದ ಅದರ ಮೈ ಯಾವ ಕಡೆಗೆ ತಿರುಗಿದರೆ ನಿಲ್ಲುತ್ತದೆ, ಯಾವ ಕಡೆಗೆ ತಿರುಗಿಸಿದರೆ ಉರುಳುತ್ತದೆ ಎಂಬುದು ಆ ಒಂದು ಗಳಿಗೆಯಲ್ಲಿ ಅರ್ಥವಾಗುತ್ತದೆ. 1953ರಲ್ಲಿ ಎರಡನೆಯ ಎಲಿಜಬೆತ್ ಅವರ ಪಟ್ಟಾಭಿಷೇಕಕ್ಕೆ ಹೂವಿನ ವಿನ್ಯಾಸ ಮಾಡಿದ ಕಾನ್‌ಸ್ಟನ್ಸ್ ಸ್ಪ್ರೈ ತಂತಿಬಲೆಯನ್ನು ಮುದುಡಿ ಪಾತ್ರೆಯೊಳಗಿಟ್ಟು ದಂಟುಗಳನ್ನು ನಿಲ್ಲಿಸುತ್ತಿದ್ದರು. ಬೇಲಿಯ ಕಾಡುಹೂವನ್ನೂ ತರಕಾರಿ ಸೊಪ್ಪನ್ನೂ ಹೂದಾನಿಗೆ ತಂದ ಅವರ ಧೈರ್ಯ ನನಗೆ ಬಹಳ ಪ್ರಿಯ.

ಈ ನಿಲ್ಲಿಸುವ ವಿದ್ಯೆಯನ್ನು ಒಬ್ಬರೇ ಕುಳಿತು ಕಲಿಯುವುದು ಕಷ್ಟ. ಇಕೆಬಾನಾ ತರಗತಿಯಲ್ಲಿ ಶಿಷ್ಯರು ಜೋಡಿಸಿ ಮುಗಿಸಿದ ಮೇಲೆ, ಎಲ್ಲರೂ ನೋಡುತ್ತಿರುವಂತೆಯೇ ಗುರುಗಳು ಅದನ್ನು ತಿದ್ದುತ್ತಾರೆ. ಒಂದು ಎಲೆಯನ್ನು ತೆಗೆದಾಗ ತೆರೆದುಕೊಳ್ಳುವ ಖಾಲಿ ಜಾಗವನ್ನು ಅಲ್ಲಿರುವ ಹತ್ತೂ ಜನ ಒಟ್ಟಿಗೆ ಕಾಣುತ್ತಾರೆ. ಎಲ್ಲೆನ್ ಗಾರ್ಡನ್ ಆಲೆನ್ 1956ರಲ್ಲಿ ಟೋಕಿಯೋದಲ್ಲಿ ಇಕೆಬಾನಾ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದು ಹೂಗಳ ಮೂಲಕ ಸ್ನೇಹ ಎಂಬ ಧ್ಯೇಯದಿಂದ. ಆ ಸ್ನೇಹ ಹುಟ್ಟುವುದು ಹೀಗೆ ಒಟ್ಟಿಗೆ ನೋಡುವುದರಲ್ಲೇ ಎಂದು ನಾನು ನಂಬುತ್ತೇನೆ.

ಆದ್ದರಿಂದ ನಿಮ್ಮ ಬಳಗದ ಮುಂದಿನ ಭೇಟಿಗೆ ಒಂದು ಅಗಲ ಬಟ್ಟಲು, ಒಂದು ಕೆಂಜಾನ್, ಮೂರೇ ಕೊಂಬೆಗಳನ್ನು ತನ್ನಿ. ಸರದಿಯಂತೆ ಪ್ರತಿಯೊಬ್ಬರೂ ಅದನ್ನೇ ಬಿಚ್ಚಿ ಮತ್ತೆ ನಿಲ್ಲಿಸಲಿ, ಉಳಿದವರು ಸುಮ್ಮನೆ ನೋಡುತ್ತಿರಲಿ.