ನೆಟೆ ತಡೆಯುವ ತೊಗರಿ: ತಳಿ ಹೇಗೆ ಸಿಗುತ್ತದೆ, ಹೇಗೆ ಕೈತಪ್ಪುತ್ತದೆ

ಎಲ್ಲರಿಗೂ ಶರಣು.

2022ರ ಹಂಗಾಮನ್ನು ಇಲ್ಲಿ ಕೂತವರು ಯಾರೂ ಮರೆತಿರಲಿಕ್ಕಿಲ್ಲ. ಮಳೆ ಜಾಸ್ತಿಯಾಯಿತು. ಎರೆ ಹೊಲದಲ್ಲಿ ನೀರು ನಿಂತಿತು. ಹೂವು ಕಾಯಾಗುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿತು. ಆಳಂದ, ಅಫಜಲಪುರ, ಜೇವರ್ಗಿ, ಯಾವ ಕಡೆ ಹೋದರೂ ನೆಟೆ ರೋಗದ್ದೇ ಮಾತು. ಆಗ ರೈತರು ಕೇಳಿದ ಒಂದು ಪ್ರಶ್ನೆಗೆ ಇವತ್ತು ಉತ್ತರ ಹೇಳಬೇಕು ಅಂತ ಬಂದಿದ್ದೇನೆ. "ಸಾಹೇಬ್ರ, ನೆಟೆ ಬರಲ್ಲ ಅಂದ ತಳಿನೇ ಬಿತ್ತಿದ್ವಿ. ಅದೂ ಯಾಕ ಒಣಗಿತು?"

ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ.

ಮೊದಲು, ಒಣಗಿದ್ದೆಲ್ಲ ನೆಟೆ ಅಲ್ಲ. ಒಣಗಿದ ಗಿಡವನ್ನು ಬುಡಸಮೇತ ಕಿತ್ತುಕೊಳ್ಳಿ. ಸಿಪ್ಪೆ ಸುಲಿದು ಕುಡಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಬುಡದಿಂದ ಮೇಲಕ್ಕೆ ಹತ್ತಿದ್ದರೆ ಅದು ನೆಟೆ. ಎಷ್ಟೋ ಸಲ ಹೊರಗಡೆಯೂ ನೇರಳೆ ಬಣ್ಣದ ಪಟ್ಟಿ ಒಂದು ಬದಿಯಲ್ಲಿ ಏರಿರುತ್ತದೆ. ಆ ಬದಿಯ ಟೊಂಗೆ ಒಣಗಿರುತ್ತದೆ, ಇನ್ನೊಂದು ಬದಿ ಇನ್ನೂ ಹಸಿರೇ ಇರುತ್ತದೆ. ಈ ಗೆರೆ ಇಲ್ಲದೆ ಬೇರೇ ಕೊಳೆತು, ಅದರ ಸಿಪ್ಪೆ ಕೈಗೆ ಬಂದರೆ ಅದು ಒಣ ಬೇರು ಕೊಳೆ. ನೀರು ನಿಂತ ಜಾಗದಲ್ಲಿ ಎಳೆ ಗಿಡದ ಕಾಂಡಕ್ಕೆ ಗಾಯದಂಥ ಕಲೆ ಬಿದ್ದು, ಗಿಡ ಅಲ್ಲೇ ಮುರಿದರೆ ಅದು ಫೈಟಾಫ್ತೊರಾ ಅಂಗಮಾರಿ. ಮೂರೂ ಬೇರೆ ಬೇರೆ ರೋಗ. ನೆಟೆ ತಡೆಯುವ ತಳಿ ಉಳಿದ ಎರಡನ್ನೂ ತಡೆಯುತ್ತದೆ ಅಂತ ಯಾರೂ ಭರವಸೆ ಕೊಟ್ಟಿಲ್ಲ, ಕೊಡಲೂ ಬಾರದು. ನೀರು ನಿಂತ ವರ್ಷ ಈ ಗೊಂದಲ ಇನ್ನೂ ಜಾಸ್ತಿ.

ಈಗ ನಿಜವಾದ ನೆಟೆಗೆ ಬರೋಣ. ಫ್ಯುಸೇರಿಯಂ ಉಡಮ್ ಅನ್ನುವ ಶಿಲೀಂಧ್ರ ಇದಕ್ಕೆ ಕಾರಣ. ನಮ್ಮ ದೇಶದಲ್ಲಿ ಬಟ್ಲರ್ ಅನ್ನುವ ವಿಜ್ಞಾನಿ 1906ರಲ್ಲೇ ಈ ರೋಗದ ಬಗ್ಗೆ ಬರೆದಿದ್ದರು. ಇದು ಮಣ್ಣಿನಲ್ಲಿರುತ್ತದೆ, ಬೇರಿನ ಮೂಲಕ ಒಳಗೆ ಹೋಗುತ್ತದೆ, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಕೆಳಗೆ ಹಸಿ ಇದ್ದರೂ ಮೇಲೆ ಗಿಡ ಬಾಯಾರಿ ಸಾಯುತ್ತದೆ. ರಾಶಿ ಮುಗಿದ ಮೇಲೂ ಕೂಳೆ, ಬೇರುಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಗಿಡ ಬಾಡಿದ ಮೇಲೆ ಅಂಗಡಿಯಿಂದ ಡಬ್ಬಿ ತಂದು ಸಿಂಪಡಿಸುವುದು ಸುಮ್ನೆ ದುಡ್ಡು ಚೆಲ್ಲಿದಂತೆ. ಅದಕ್ಕೇ ಗಿಡದ ಹುಟ್ಟುಗುಣದಲ್ಲೇ ತಡೆಯುವ ಶಕ್ತಿ ಇರಬೇಕು.

ಆ ಶಕ್ತಿ ಇರುವ ಗಿಡವನ್ನು ಹುಡುಕುವುದು ಹೇಗೆ? ನೀವೆಲ್ಲ ರೋಗ ಬರದ ಹೊಲ ಹುಡುಕುತ್ತೀರಿ. ತಳಿ ಆರಿಸುವ ವಿಜ್ಞಾನಿಗಳಾದ ನಾವು ಬೇಕಂತಲೇ ರೋಗದ ಹೊಲ ಮಾಡುತ್ತೇವೆ. ಇದಕ್ಕೆ ಸಿಕ್ ಪ್ಲಾಟ್ ಅನ್ನುತ್ತಾರೆ. ನೆಟೆಯಿಂದ ಸತ್ತ ಗಿಡಗಳನ್ನು ಕತ್ತರಿಸಿ ಪ್ರತಿ ವರ್ಷ ಅದೇ ಮಣ್ಣಿಗೆ ಸೇರಿಸುತ್ತಾ ಹೋಗುತ್ತೇವೆ. ಪರೀಕ್ಷೆಯ ಸಾಲುಗಳ ನಡುವೆ ಐಸಿಪಿ 2376ರಂಥ ಬೇಗ ರೋಗ ಹಿಡಿಯುವ ತಳಿಯನ್ನು ಬಿತ್ತುತ್ತೇವೆ. ಅದು ಎಲ್ಲ ಕಡೆ ಸಾಯಬೇಕು. ಸತ್ತರೆ ಮಾತ್ರ ಪಕ್ಕದ ಸಾಲು ಬದುಕಿದ್ದಕ್ಕೆ ಅರ್ಥ. ಅದು ಸಾಯದಿದ್ದರೆ ಆ ವರ್ಷದ ಲೆಕ್ಕವನ್ನೇ ಬಿಡಬೇಕು. ಇಲ್ಲಿರುವ ಪದವಿ ವಿದ್ಯಾರ್ಥಿಗಳು ಇದನ್ನು ಮರೆಯಬೇಡಿ. ರೋಗ ತಲುಪದ ಗಿಡವನ್ನು ರೋಗ ತಡೆದ ಗಿಡ ಅಂತ ಬರೆದುಕೊಂಡರೆ ಮುಂದಿನ ಇಡೀ ಕೆಲಸ ಹಾಳು.

ಹೀಗೆ ಆರಿಸಿ ಬಂದದ್ದೇ ನೀವೆಲ್ಲ ಬಲ್ಲ ಮಾರುತಿ, ಅಂದರೆ ಐಸಿಪಿ 8863. ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾಯಿತು. ನೆಟೆ ಹೊಲದಲ್ಲಿ ಗಟ್ಟಿಯಾಗಿ ನಿಂತಿತು, ಈ ಭಾಗದ ಎಷ್ಟೋ ಮನೆಗಳನ್ನು ಉಳಿಸಿತು. ಆದರೆ ಮಾರುತಿಗೆ ಗೊಡ್ಡು ರೋಗ ತಡೆಯುವ ಗುಣ ಇಲ್ಲವೇ ಇಲ್ಲ. ಎಷ್ಟರಮಟ್ಟಿಗೆ ಅಂದರೆ, ನೆಟೆಗೆ ಜಗ್ಗದ ಈ ತಳಿಯನ್ನೇ ಗೊಡ್ಡು ರೋಗದ ಪ್ರಯೋಗಗಳಲ್ಲಿ ಬೇಗ ರೋಗ ಹಿಡಿಯುವ ತಳಿಯಾಗಿ ನಡುವೆ ಬಿತ್ತುತ್ತಾರೆ.

ಗೊಡ್ಡು ಬಿದ್ದ ಗಿಡ ಒಣಗುವುದಿಲ್ಲ, ಅದೇ ಮೋಸ. ದೂರದಿಂದ ನೋಡಿದರೆ ಪೊದೆಯಂತೆ ಹಸಿರಾಗಿ ಸೊಂಪಾಗಿ ಕಾಣುತ್ತದೆ. ಹತ್ತಿರ ಹೋದರೆ ಎಲೆ ಸಣ್ಣ, ಅದರ ಮೇಲೆ ತಿಳಿ ಹಸಿರು ಮಚ್ಚೆ, ಹೂವೇ ಇಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಎಲ್ಲ ಗಿಡ ಕಾಯಿ ಹೊತ್ತು ಬಾಗಿದ್ದರೆ ಇದೊಂದು ಮಾತ್ರ ಬರಿಗೈಯಲ್ಲಿ ನಿಂತಿರುತ್ತದೆ. ಇದು ವೈರಸ್ ರೋಗ. ಎಲೆಯ ಕೆಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇದನ್ನು ಹರಡುತ್ತದೆ. ಗಾಳಿಗೆ ಹಾರಿ ಹೊಲದಿಂದ ಹೊಲಕ್ಕೆ ಹೋಗುತ್ತದೆ. ರೋಗ ಗೊತ್ತಾಗಿದ್ದು 1931ರ ಹೊತ್ತಿಗೆ, ವೈರಸ್ ಕೈಗೆ ಸಿಕ್ಕಿದ್ದು ಸುಮಾರು 2000ದ ಹೊತ್ತಿಗೆ. ಅಷ್ಟು ವರ್ಷ ವಿಜ್ಞಾನಿಗಳು ಕಾಣದ ಶತ್ರುವಿನ ವಿರುದ್ಧವೇ ತಳಿ ಆರಿಸಿದರು. ಅವರು ಮಾಡಿದ ಉಪಾಯ ನನಗೆ ಇವತ್ತಿಗೂ ಬಹಳ ಇಷ್ಟ. ರೋಗದ ಎಲೆ ತಂದು, ಎಳೆ ಸಸಿಯ ಎಲೆಗೆ ಮಡಚಿ, ಆಫೀಸಿನ ಸ್ಟೇಪ್ಲರ್‌ನಿಂದ ಪಿನ್ ಹೊಡೆಯುವುದು! ಎಲೆ ಒಣಗುತ್ತಿದ್ದಂತೆ ನುಸಿ ಹಸಿ ಎಲೆಗೆ ದಾಟಿಕೊಳ್ಳುತ್ತದೆ. 1976ರಲ್ಲಿ ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ನೆನೆ ಮತ್ತು ರೆಡ್ಡಿ ಇದನ್ನು ರೂಢಿಗೆ ತಂದರು. ಈಗಲೂ ಹಾಗೇ ಮಾಡುತ್ತೇವೆ.

ಎರಡೂ ರೋಗ ತಡೆಯುವ ಆಶಾ, ಐಸಿಪಿಎಲ್ 87119, 1993ರಲ್ಲಿ ಬಂತು. 2011ರಲ್ಲಿ ತೊಗರಿಯ ವಂಶವಾಹಿ ನಕ್ಷೆ ಓದಿದ್ದೂ ಈ ಆಶಾ ತಳಿಯದ್ದೇ. ಆದರೆ ಆಶಾ ಕಟಾವಿಗೆ ಬರುವುದು ತಡ. ಕೊನೆಗೆ ಹಸಿ ಆರಿಹೋಗುವ ನಮ್ಮ ಹೊಲಗಳಿಗೆ ಅದು ಎಲ್ಲ ಕಡೆ ಒಗ್ಗಲಿಲ್ಲ. ಅದಕ್ಕೇ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳ ಕೆಲಸ ನಡೆಯಿತು. ರೋಗ ತಡೆದರೆ ಮಾತ್ರ ಸಾಲದು. ನಮ್ಮ ಮಳೆಗೆ ಹೊಂದಬೇಕು, ಬೇಳೆ ಚೆನ್ನಾಗಿ ಬರಬೇಕು, ಮಾರ್ಕೆಟ್ಟಿನಲ್ಲಿ ರೇಟು ಸಿಗಬೇಕು, ಅಲ್ವಾ?

ಇನ್ನು ರೈತರ ಪ್ರಶ್ನೆಯ ಕಠಿಣ ಭಾಗ. ರೋಗ ನೆಟೆಯೇ, ತಳಿಯೂ ನೆಟೆ ತಡೆಯುವುದೇ, ಆದರೂ ಒಣಗಿತು. ಹೇಗೆ?

ಒಂದು ಕಾರಣ, ರೋಗಾಣು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಫ್ಲೋರ್ ಅನ್ನುವವರು 1940ರ ದಶಕದಲ್ಲಿ ನಮ್ಮ ಅಗಸೆ ಬೆಳೆಯ ತುಕ್ಕು ರೋಗದಲ್ಲಿ ಇದನ್ನು ತೋರಿಸಿಕೊಟ್ಟರು. ಗಿಡದ ಒಂದು ಜೀನ್‌ಗೆ ರೋಗಾಣುವಿನ ಒಂದು ಜೀನ್ ಜೋಡಿ ಇರುತ್ತದೆ. ರೋಗಾಣುವಿನ ಆ ಜೀನ್ ಬದಲಾದರೆ ಗಿಡಕ್ಕೆ ಶತ್ರುವಿನ ಗುರುತೇ ಸಿಗುವುದಿಲ್ಲ. ತೊಗರಿಯ ಗೊಡ್ಡು ವೈರಸ್ಸಿನಲ್ಲೂ ಪಟಾಂಚೆರು, ಬೆಂಗಳೂರು, ಕೊಯಮತ್ತೂರು ಅಂತ ಬೇರೆ ಬೇರೆ ಬಗೆಗಳಿವೆ. ಬೆಂಗಳೂರಿನದು ಬಹಳ ಜೋರು. ನೆಟೆಯ ಶಿಲೀಂಧ್ರದಲ್ಲೂ ಹೀಗೇ ಬಗೆಗಳಿವೆ. ನೆಟೆ ತಡೆಯುವ ಗುಣವನ್ನು ಒಂದು ಜೀನ್ ನಡೆಸುತ್ತದೆ ಅಂತ ಒಬ್ಬರು, ಎರಡು ಅಂತ ಇನ್ನೊಬ್ಬರು ಬರೆದಿದ್ದಾರೆ. ವಿದ್ಯಾರ್ಥಿಗಳು ಇದನ್ನು ಓದಿ ಗಲಿಬಿಲಿಯಾಗಬೇಡಿ. ಅವರು ಬಳಸಿದ ಗಿಡ ಬೇರೆ, ಮಣ್ಣು ಬೇರೆ, ಶಿಲೀಂಧ್ರ ಬೇರೆ.

ಇನ್ನೊಂದು ಕಾರಣ ಬೀಜ. ನನ್ನ ಮಟ್ಟಿಗೆ ಇದೇ ದೊಡ್ಡದು, ಇದರ ಬಗ್ಗೆ ನಾವು ಮಾತಾಡುವುದೇ ಕಮ್ಮಿ. ತೊಗರಿ ಹೂವಿಗೆ ಜೇನು ಬರುತ್ತದೆ. ಕಡಲೆ, ಹೆಸರಿನಂತೆ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುವ ಬೆಳೆ ಪೂರ್ತಿಯಾಗಿ ಇದಲ್ಲ. ಪಕ್ಕದ ಹೊಲದಲ್ಲಿ ಗುಳ್ಯಾಳದಂಥ ಬೇರೆ ತೊಗರಿ ತಳಿ ಇದ್ದರೆ ಅದರ ಪರಾಗ ನಿಮ್ಮ ಹೂವಿಗೆ ಬಂದೇ ಬರುತ್ತದೆ. ಒಳ್ಳೆ ತಳಿ ತಂದು, ಅದರ ರಾಶಿಯಿಂದಲೇ ವರ್ಷ ವರ್ಷ ಬೀಜ ಇಟ್ಟುಕೊಂಡರೆ ಹೆಸರು ಅದೇ ಇರುತ್ತದೆ, ಗುಣ ಕರಗುತ್ತಾ ಹೋಗುತ್ತದೆ. ಮನೆ ಬೀಜ ಬೇಡ ಅನ್ನುತ್ತಿಲ್ಲ. ಬೀಜಕ್ಕೆ ಅಂತ ಹೊಲದ ನಡುವಿನ ಒಂದು ಪಟ್ಟಿ ಬೇರೆ ಇಡಿ. ಬೇರೆ ತರಹದ ಗಿಡ ಕಂಡರೆ ಹೂವಿಗೆ ಮುಂಚೆ ಕಿತ್ತುಹಾಕಿ. ಮೂರು ವರ್ಷಕ್ಕೊಮ್ಮೆಯಾದರೂ ಪ್ರಮಾಣಿತ ಬೀಜ ಹೊಸದಾಗಿ ತನ್ನಿ. ತೊಗರಿ ನಡುವೆ ಜೋಳದ ಸಾಲು ಹಾಕುತ್ತಿದ್ದ ನಮ್ಮ ಹಿರಿಯರ ಪದ್ಧತಿಯನ್ನೂ ಬಿಡಬೇಡಿ. ಜೋಳದ ಜೊತೆ ಬೆಳೆದಲ್ಲಿ ನೆಟೆ ಕಮ್ಮಿಯಾಗುತ್ತದೆ ಅಂತ ಪ್ರಯೋಗಗಳೂ ಹೇಳಿವೆ. ಒಳ್ಳೆ ತಳಿಯ ಮೇಲಿನ ರೋಗದ ಒತ್ತಡವನ್ನೂ ಅದು ಇಳಿಸುತ್ತದೆ.

ಕೊನೆಗೆ ಒಂದು ಕೋರಿಕೆ. ಈ ಸಲ ನೆಟೆ ತಡೆಯುವ ತಳಿ ಒಣಗಿದ್ದು ಕಂಡರೆ ಸುಟ್ಟುಹಾಕುವ ಮುಂಚೆ ಎರಡು ಗಿಡ ಬೇರುಸಮೇತ ಕೀಳಿ. ಮಣ್ಣು ಝಾಡಿಸಿ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವೆತು ಕೊಳೆಯುತ್ತದೆ. ಊರು, ತಳಿ, ಬೀಜ ತಂದ ವರ್ಷ, ಹೋದ ವರ್ಷ ಅದೇ ಹೊಲದಲ್ಲಿ ಏನಿತ್ತು, ಇಷ್ಟು ಒಂದು ಚೀಟಿಯಲ್ಲಿ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಚಿಂಚೋಳಿಯ ಶಿಲೀಂಧ್ರವೂ ಜೇವರ್ಗಿಯದೂ ಒಂದೇನಾ ಅಂತ ನೋಡಲು ನಮಗೆ ಆ ಗಿಡಗಳೇ ಬೇಕು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.